ಅಟ್ಟದಿಂದ ಇಳಿದ ಮೇಜು!

ಸಾಗರ: ಮಳೆಗಾಲ ಬಂತೆಂದರೆ ಮಲೆನಾಡಿನಲ್ಲಿ ಮನುಷ್ಯರಿಗಷ್ಟೇ ಅಲ್ಲ, ಮೇಜುಗಳಿಗೂ ಶೀತ. ಪೇಟೆಯ ಗುಮಾಸ್ತರೊಬ್ಬರು ಎಸ್.ಎಸ್.ಎಲ್.ಸಿ. ಓದುವ ಮಗಳಿಗೆಂದು ಕಂತಿನ ಮೇಲೆ ತಂದ ಹೊಳೆಹೊಳೆಯುವ ಮೇಜು ಆಷಾಢದಲ್ಲಿ ಹೊಟ್ಟೆ ಉಬ್ಬಿಸಿಕೊಂಡಿತು, ಶ್ರಾವಣದಲ್ಲಿ ಕಾಲು ಕಳಚಿತು. ಒಳಗೆ ನೋಡಿದರೆ ಮರವೆಲ್ಲಿ ಬಂತು? ಮರದ ಪುಡಿಗೆ ಅಂಟು ಬೆರೆಸಿ ಒತ್ತಿದ ಹಲಗೆ, ಮೇಲೆ ಮರದ ಚಿತ್ರದ ಕಾಗದ! ಇಂಥದ್ದು ಅಂಚಿನಿಂದ ನೀರು ಕುಡಿದು ಒಮ್ಮೆ ಉಬ್ಬಿದರೆ ಮತ್ತೆ ಇಳಿಯುವುದಿಲ್ಲ, ಸ್ಕ್ರೂ ಹಿಡಿಯುವುದಿಲ್ಲ. ಹುಡುಗಿ ಪುಸ್ತಕ ಸಮೇತ ಮತ್ತೆ ಚಾಪೆಗೆ ಬಂದಳು.

ಆಗ ನೆನಪಾದದ್ದು ಅಟ್ಟ. ಹಳೇ ಕೊಟ್ಟಿಗೆ ಬಿಚ್ಚಿದಾಗ ಉಳಿದ ಹಲಸಿನ ಹಲಗೆಗಳು ಅಲ್ಲಿ ಧೂಳು ತಿನ್ನುತ್ತಿದ್ದವು. ಪಕ್ಕದ ಕೇರಿಯ ಹಿರಿಯ ಆಚಾರ್ರು ಬಂದು ತಟ್ಟಿ ನೋಡಿದರು. “ಸ್ವಾಮಿ, ಇದನ್ನ ಬಚ್ಚಲೊಲೆಗೆ ಹಾಕಿಬಿಟ್ಟೀರಿ! ಒಣಗಿ ಗಟ್ಟಿಯಾಗಿದೆ. ಮೇಜು ನೀವೇ ಮಾಡಿ, ನಾ ಹೇಳ್ಕೊಡ್ತೀನಿ” ಅಂದರು.

ಮೊದಲ ಭಾನುವಾರ ಹಳೇ ಮೊಳೆ ಕೀಳುವುದರಲ್ಲೇ ಕಳೆಯಿತು. ಒಂದು ಮೊಳೆ ಉಳಿದರೂ ಹತ್ತರಿಯ ಬಾಯಿ ಹೋಯಿತೆಂದೇ ಲೆಕ್ಕ. ಹುಳ ಹಿಡಿದ ಬಿಳಿ ಅಂಚು ಕೊಯ್ದು ಕೆಚ್ಚು ಮಾತ್ರ ಉಳಿಸಿದರು. ಹತ್ತರಿ ಹೊಡೆದಾಗ ಒಳಗಿನಿಂದ ಅರಿಶಿನದ ಬಣ್ಣ ಎದ್ದಿತು. ಮೂರು ಹಲಗೆ ಅಂಟಿಸಿ ಮೇಲ್ಭಾಗ. ಉಳಿಯಲ್ಲಿ ಕಂಡಿ ಕೊರೆದು ಕೂಡಿಸಿದ ಕಾಲು. ಎತ್ತರ ಎರಡೂವರೆ ಅಡಿ.

ತಪ್ಪಿದ್ದು ಇಲ್ಲೇ. ಗುಮಾಸ್ತರು ಉತ್ಸಾಹದಲ್ಲಿ ಮೇಲ್ಭಾಗವನ್ನು ಚೌಕಟ್ಟಿಗೆ ಸ್ಕ್ರೂ ಹಾಕಿ ಬಿಗಿದೇಬಿಟ್ಟರು. ಆಚಾರ್ರು ಅಷ್ಟನ್ನೂ ಬಿಚ್ಚಿಸಿದರು. ಮರ ಕಡಿದರೂ ಅದರ ಉಸಿರಾಟ ನಿಲ್ಲುವುದಿಲ್ಲ ಎಂಬುದು ಬಡಗಿಗಳ ಲೆಕ್ಕ. ಮಳೆಗೆ ಹಲಗೆ ಅಗಲದಲ್ಲಿ ಹಿಗ್ಗುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಉದ್ದದಲ್ಲಿ ಹೆಚ್ಚೇನೂ ಬದಲಾಗದು. ಬಿಗಿದು ಕಟ್ಟಿದರೆ ಸೀಳುವುದೇ ಗತಿ. ಚೌಕಟ್ಟಿನ ತೂತುಗಳನ್ನು ಉದ್ದಕ್ಕೆ ಕೊರೆದು, ಸ್ಕ್ರೂಗೆ ಸರಿದಾಡಲು ಜಾಗ ಬಿಟ್ಟ ಮೇಲೆ ಸಮಾಧಾನ.

ಪಾಲಿಶ್ ಪರೀಕ್ಷೆ

ಉಪ್ಪು ಕಾಗದ ಮೊದಲು 80ನೇ ನಂಬರು, ಆಮೇಲೆ 120, ಕೊನೆಗೆ 220. ಉಜ್ಜುವುದು ಎಳೆಯ ಉದ್ದಕ್ಕೇ. ಅಡ್ಡಡ್ಡ ಉಜ್ಜಿದರೆ ಗೀರು ಪಾಲಿಶ್ ಆದ ಮೇಲೆ ಎದ್ದು ಕಾಣುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಎಳೆ ಎದ್ದು ನಿಲ್ಲುತ್ತದೆ. ಒಣಗಿದ ಮೇಲೆ ಮತ್ತೊಮ್ಮೆ ಹಗುರಾಗಿ ಉಜ್ಜಬೇಕು.

ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ರಾತ್ರಿಯಿಡೀ ನೆನೆಸಿದ್ದಾಯಿತು, ಒಲೆಯಿಂದ ದೂರದಲ್ಲಿ. ಆದರೆ ತೇವದ ಗಾಳಿಯಲ್ಲಿ ಬಳಿದರೆ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಇತ್ತ ಅರ್ಧವಾರ್ಷಿಕ ಪರೀಕ್ಷೆ ಹತ್ತಿರ, ಅತ್ತ ಮಳೆ ಬಿಡದು! “ಅಪ್ಪಾ, ಹಂಗೇ ಕೊಟ್ಬಿಡಿ, ಓದ್ಕೋತೀನಿ” ಅಂದಳು ಮಗಳು. ಅಪ್ಪ ಜಗ್ಗಲಿಲ್ಲ. ಬಿಸಿಲು ಕಂಡ ದಿನ ತೆಳ್ಳಗೆ ಐದು ಸಲ ಬಳಿದರು. ತಳಕ್ಕೂ ಬಳಿದರು, ಒಂದೇ ಮುಖಕ್ಕೆ ಬಳಿದರೆ ಹಲಗೆ ಬಾಗೀತು.

ಈಗ ಮೇಜು ಕಿಟಕಿ ಪಕ್ಕದಲ್ಲಿದೆ. ಕಟ್ಟಳೆ ಒಂದೇ: ಬಿಸಿ ಕಾಫಿ ಲೋಟ ಇಡಕೂಡದು, ಬಿಳಿ ಬಳೆ ಬೀಳುತ್ತದೆ. ಹಳದಿ ಬಣ್ಣ ವರ್ಷ ಕಳೆದಂತೆ ಕಂದಾಗುತ್ತದೆ.

ಊರಲ್ಲಿ ಹಳೇ ಮನೆ ಕೆಡವುವವರು ಸೌದೆಯವನನ್ನು ಕರೆಯುವ ಮೊದಲು ಅಟ್ಟ ಹತ್ತಿ ನೋಡುವುದು ಒಳ್ಳೆಯದು. ಗುಮಾಸ್ತರಿಗಂತೂ ಮುರಿದ ಮೇಜಿನ ಕಂತು ಇನ್ನೂ ನಾಲ್ಕು ಬಾಕಿ. ನಿಂತ ಮೇಜಿಗೆ ಸಾಲವಿಲ್ಲ!