ಕೈ ಕಲಿತದ್ದನ್ನು ಬುದ್ಧಿ ಮರೆಯದು: ಪ್ರಾಥಮಿಕ ಶಾಲೆಯ ಮಕ್ಕಳಿಗೆ ವಿನ್ಯಾಸ ಮತ್ತು ತಂತ್ರಜ್ಞಾನ



ಸಿಂಧನೂರು, ಲಿಂಗಸೂಗೂರು, ಮಸ್ಕಿ ಭಾಗದ ಪಾಲಕರು ಶ್ರೀಮಠಕ್ಕೆ ಬಂದಾಗ ಈಚೆಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. “ಸಾಲ್ಯಾಗ ಹುಡುಗ್ರಿಗೆ ಮಣ್ಣು ಕಲಸೋದು, ಕಾಗದ ಕತ್ತರಿಸೋದು ಕಲಿಸ್ತಾರಲ್ರೀ ಸರ, ಇದರಿಂದ ನವೋದಯ ಸೀಟು ಸಿಗ್ತದೇನ್ರೀ?” ಈ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಮಗುವಿನ ಭವಿಷ್ಯಕ್ಕಾಗಿ ಹೊಟ್ಟೆ ಬಟ್ಟೆ ಕಟ್ಟಿ ದುಡಿಯುವವರ ಆತಂಕ ಅದರಲ್ಲಿದೆ. ಆದುದರಿಂದ ಈ ಬಗೆಯ ಕಲಿಕೆ ಎಂದರೇನು, ಅದು ಏಕೆ ಬೇಕು, ನಮ್ಮ ಶಾಲೆಗಳಲ್ಲಿ ಹೇಗೆ ಸಾಧ್ಯ ಎಂಬುದನ್ನು ಇಲ್ಲಿ ವಿವರಿಸಲು ಬಯಸುತ್ತೇವೆ.

ವಿನ್ಯಾಸವೆಂದರೆ ಕಂಪ್ಯೂಟರ್ ಮಾತ್ರವಲ್ಲ

ತಂತ್ರಜ್ಞಾನವೆಂದೊಡನೆ ನಮ್ಮ ಕಣ್ಣೆದುರು ಕಂಪ್ಯೂಟರ್, ಮೊಬೈಲ್‌ಗಳು ನಿಲ್ಲುತ್ತವೆ. ಆದರೆ ಮನುಷ್ಯನು ತನ್ನ ಅಗತ್ಯವೊಂದನ್ನು ಪೂರೈಸಿಕೊಳ್ಳಲು ಅರಿವನ್ನೂ ಸಾಮಗ್ರಿಯನ್ನೂ ಕೂಡಿಸಿ ಕಂಡುಕೊಂಡ ಉಪಾಯವೆಲ್ಲವೂ ತಂತ್ರಜ್ಞಾನವೇ. ಬೀಸುವ ಕಲ್ಲು, ಮೊರ, ಕೂರಿಗೆ ಇವೂ ತಂತ್ರಜ್ಞಾನವೇ. ಆ ಉಪಾಯವನ್ನು ಮೊದಲು ಮನಸ್ಸಿನಲ್ಲಿ, ಬಳಿಕ ಕಾಗದದ ಮೇಲೆ ರೂಪಿಸುವ ಕ್ರಮವೇ ವಿನ್ಯಾಸ.

ಮಕ್ಕಳಿಗೆ ಇದನ್ನು ಕಲಿಸುವುದರಲ್ಲಿ ನಾಲ್ಕು ಹಂತಗಳಿವೆ. ಯಾರಿಗೆ, ಏನು ಬೇಕು ಎಂದು ಕೇಳಿ ತಿಳಿಯುವುದು ಮೊದಲನೆಯದು. ಯೋಚಿಸಿ ಚಿತ್ರ ಬರೆದು ಅಳತೆ ಗುರುತಿಸುವುದು ಎರಡನೆಯದು. ಕೈಯಾರೆ ಮಾಡುವುದು ಮೂರನೆಯದು. ಮಾಡಿದ್ದನ್ನು ಬಳಸಿ ನೋಡಿ, ತಪ್ಪಿದ್ದನ್ನು ತಿದ್ದುವುದು ನಾಲ್ಕನೆಯದು. ನಮ್ಮ ಶಾಲೆಗಳಲ್ಲಿ ಕರಕುಶಲ ಕಲೆ ಹಿಂದಿನಿಂದಲೂ ಇದೆ. ಆದರೆ ಅಲ್ಲಿ ಗುರುಗಳು ತೋರಿಸಿದ್ದನ್ನೇ ಎಲ್ಲರೂ ಮಾಡುತ್ತಾರೆ. ಇಲ್ಲಿ ಪ್ರಶ್ನೆ ಒಂದೇ ಆಗಿದ್ದರೂ ನಲವತ್ತು ಮಕ್ಕಳಿಂದ ನಲವತ್ತು ಉತ್ತರಗಳು ಬರಬಹುದು. ವ್ಯತ್ಯಾಸವಿರುವುದು ಇಲ್ಲಿಯೇ.

ಇದು ಹೊಸ ವಿಚಾರವೂ ಅಲ್ಲ. ಕೈಕೆಲಸದ ಮೂಲಕವೇ ಶಿಕ್ಷಣವೆಂಬ ನಯೀ ತಾಲೀಮ್ ಯೋಜನೆಯನ್ನು ಗಾಂಧೀಜಿಯವರು 1937ರ ವಾರ್ಧಾ ಸಮ್ಮೇಳನದಲ್ಲಿ ಮುಂದಿಟ್ಟರು. ಇಂಗ್ಲೆಂಡಿನಲ್ಲಿ 1990ರಿಂದ ವಿನ್ಯಾಸ ಮತ್ತು ತಂತ್ರಜ್ಞಾನವು ಐದು ವರ್ಷದ ಮಕ್ಕಳಿಂದಲೇ ಆರಂಭವಾಗುವ ಪಠ್ಯವಿಷಯವಾಗಿದೆ. ನಮ್ಮ ದೇಶದಲ್ಲಿ ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವು ಚೀಲ, ಗಾಳಿಯಂತ್ರದ ಮಾದರಿ, ಗೊಂಬೆಯಾಟ ಇಂಥ ಘಟಕಗಳನ್ನು ರೂಪಿಸಿ ಶಾಲಾಮಕ್ಕಳೊಡನೆ ಪ್ರಯೋಗಿಸಿದೆ. ಕರ್ನಾಟಕದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ‘ನಲಿ-ಕಲಿ’ಯು ಚಟುವಟಿಕೆಯ ಮೂಲಕ ಕಲಿಯುವುದನ್ನು ಸರ್ಕಾರಿ ಶಾಲೆಗಳಿಗೆ ತಂದಿತು. 2022–23ರ ‘ಕಲಿಕಾ ಹಬ್ಬ’ದಲ್ಲಿ ‘ಕಾಗದ-ಕತ್ತರಿ-ಬಣ್ಣ’, ‘ಮಾಡು-ಆಡು’, ‘ಊರು ತಿಳಿಯೋಣ’ ಎಂಬ ವಿಭಾಗಗಳೇ ಇದ್ದವು. ಆದರೆ ಕೇಂದ್ರದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳೂ, 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುವ ಹತ್ತು ದಿನಗಳ ‘ಚೀಲರಹಿತ’ ಅವಧಿಯೂ ಆರನೆಯ ತರಗತಿಯಿಂದ ಮೇಲಿನವರಿಗೆ. ಕೈಬೆರಳು ಪಳಗುವ ವಯಸ್ಸು ಅದಕ್ಕಿಂತ ಮುಂಚಿನದು ಎಂಬುದನ್ನು ನಾವು ಮರೆಯಬಾರದು.

ನಮ್ಮ ನೆಲವೇ ಪಠ್ಯಪುಸ್ತಕ

ಈ ಮೂರು ತಾಲ್ಲೂಕುಗಳ ಮಗುವಿಗೆ ವಿನ್ಯಾಸದ ಪಾಠ ಹೊರಗಿನಿಂದ ಬರಬೇಕಾಗಿಲ್ಲ. ಕೂರಿಗೆಯನ್ನೇ ನೋಡಿರಿ. ಮೇಲಿನ ಮರದ ಬಟ್ಟಲಿಗೆ ಹಾಕಿದ ಕಾಳು ಬಿದಿರಿನ ಕೊಳವೆಗಳಲ್ಲಿ ಇಳಿದು ಸಾಲಿನಿಂದ ಸಾಲಿಗೆ ಸಮಾನ ಅಂತರದಲ್ಲಿ ಬೀಳುತ್ತದೆ. ಬಟ್ಟಲಿನ ತೂತು ಎಷ್ಟಿರಬೇಕು, ತಾಳುಗಳ ನಡುವೆ ಎಷ್ಟು ಅಂತರ ಬೇಕು ಎಂಬುದನ್ನು ಬೆಳೆಗೂ ಮಣ್ಣಿಗೂ ತಕ್ಕಂತೆ ನಿರ್ಧರಿಸಿದ ಬಡಿಗೇರನು ನಿಜವಾದ ವಿನ್ಯಾಸಕಾರನೇ. ಮಣ್ಣೆತ್ತಿನ ಅಮಾವಾಸ್ಯೆಯಂದು ಎತ್ತು ಮಾಡುವ ಮಗು, ಕಾಲು ತೆಳುವಾದರೆ ಎತ್ತು ಕುಸಿಯುತ್ತದೆಂಬುದನ್ನು ಯಾವ ಪುಸ್ತಕದಿಂದಲೂ ಕಲಿಯುವುದಿಲ್ಲ. ಜೋಳದ ದಂಟಿನ ಬಂಡಿ ಕಟ್ಟಿದವನಿಗೆ ಅಚ್ಚು ಸಡಿಲವಿದ್ದರೆ ಗಾಲಿ ಕಳಚುತ್ತದೆ, ಬಿಗಿಯಾದರೆ ತಿರುಗುವುದಿಲ್ಲ ಎಂಬುದು ಗೊತ್ತು.

ಮಸ್ಕಿಯ ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬಂದುದು ಬೀಡನ್ ಎಂಬ ಗಣಿ ಎಂಜಿನಿಯರನಿಂದ. ‘ದೇವಾನಾಂಪ್ರಿಯ’ನೇ ಅಶೋಕನೆಂದು ಜಗತ್ತಿಗೆ ತಿಳಿಸಿದ್ದು ಈ ಶಾಸನ. ಕಲ್ಲಿನ ಮೇಲೆ ಅಕ್ಷರ ಅಳಿಯದಂತೆ ಕೊರೆಯಲು ಯಾವ ಉಳಿ ಬೇಕಾಯಿತು? ಹಟ್ಟಿಯಲ್ಲಿ ಯಂತ್ರಗಳಿಲ್ಲದ ಪ್ರಾಚೀನ ಕಾಲದಲ್ಲಿ ಬಂಡೆಯನ್ನು ಸೀಳಿ ಚಿನ್ನ ತೆಗೆದವರು ಯಾವ ಉಪಾಯ ಹೂಡಿದ್ದರು? ಇಂಥ ಪ್ರಶ್ನೆಗಳು ಮಕ್ಕಳಿಗೆ ಇತಿಹಾಸವನ್ನು ಹತ್ತಿರ ತರುತ್ತವೆ.

ಇನ್ನೊಂದು ಪಾಠ ನಮ್ಮೆಲ್ಲರ ಎದೆ ನಡುಗಿಸಿತ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಎಡದಂಡೆ ಕಾಲುವೆಯನ್ನು ನಂಬಿದ ಸಿಂಧನೂರಿನ ಭತ್ತದ ರೈತರು ಆ ವಾರ ಹೇಗೆ ಕಳೆದರೆಂಬುದನ್ನು ಹೇಳಬೇಕಾಗಿಲ್ಲ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟನ್ನು ನಿಲ್ಲಿಸಲಾಯಿತು. ಒಂದು ಸರಪಳಿಯ ಮೇಲೆ ಎಷ್ಟು ಮನೆಗಳ ಅನ್ನ ನಿಂತಿದೆ, ಇಡೀ ಗೇಟನ್ನು ಒಂದೇ ಸಲ ಇಳಿಸುವ ಬದಲು ತುಂಡುತುಂಡಾಗಿ ಏಕೆ ಇಳಿಸಿದರು ಎಂದು ನಾಲ್ಕನೆಯ ತರಗತಿಯ ಮಗುವೂ ಯೋಚಿಸಬಲ್ಲದು.

ತರಗತಿಯಲ್ಲಿ ಹೇಗೆ?

ಒಂದು, ಎರಡನೆಯ ತರಗತಿಯ ಮಕ್ಕಳಿಗೆ ಹರಿಯುವುದು, ಮಡಿಸುವುದು, ಅಂಟಿಸುವುದು, ಮಣ್ಣಿನಲ್ಲಿ ರೂಪಿಸುವುದು ಸಾಕು. ಒಂದು ಹಾಳೆಯನ್ನು ಹೇಗೆ ಮಡಿಸಿದರೆ ಅದು ಪುಸ್ತಕದ ಭಾರ ಹೊರುತ್ತದೆ ಎಂದು ಕೇಳಿದರೆ ಅವರೇ ಮಡಿಸಿ, ಸುತ್ತಿ, ಬೀಳಿಸಿ ಕಂಡುಕೊಳ್ಳುತ್ತಾರೆ. ಮೂರನೆಯ ತರಗತಿಯವರು ಬಿಸಿಯೂಟದ ಚಮಚ ಇಡಲು ಬಟ್ಟೆಯ ಚೀಲ ಹೊಲಿಯಬಹುದು. ಹೊಲಿಗೆ ಹುಡುಗಿಯರಿಗೆ, ಸುತ್ತಿಗೆ ಹುಡುಗರಿಗೆ ಎಂಬ ಭೇದ ಬೇಡ. ಸೂಜಿಯೂ ಸುತ್ತಿಗೆಯೂ ಇಬ್ಬರ ಕೈಗೂ ಬರಲಿ.

ನಾಲ್ಕು, ಐದನೆಯ ತರಗತಿಗೆ ಒಂದು ಉದಾಹರಣೆ ಕೊಡುತ್ತೇವೆ. ನಮ್ಮ ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. “ತರಗತಿಯ ಕುಡಿಯುವ ನೀರು ವಿದ್ಯುತ್ತಿಲ್ಲದೆ ತಣ್ಣಗಿರಬೇಕು. ಹೇಗೆ?” ಎಂಬುದು ಪ್ರಶ್ನೆ. ಮಕ್ಕಳು ಗುಂಪುಗಳಾಗಿ ಮಣ್ಣಿನ ಗಡಿಗೆ, ಬರಿಯ ಬಾಟಲಿ, ಒದ್ದೆ ಗೋಣಿತಟ್ಟು ಸುತ್ತಿದ ಬಾಟಲಿ ಇವುಗಳಲ್ಲಿ ಸಮಪ್ರಮಾಣದ ನೀರು ತುಂಬಿ ಗಾಳಿಯಾಡುವ ಒಂದೇ ನೆರಳಿನಲ್ಲಿಡುತ್ತಾರೆ. ಎರಡು ತಾಸಿನ ನಂತರ ಉಷ್ಣಮಾಪಕದಿಂದ ಅಳೆದು ಬರೆಯುತ್ತಾರೆ. ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಂಡು ಹೋಗುತ್ತದೆ ಎಂಬ ವಿಜ್ಞಾನ, ಅಂಕಿಗಳನ್ನು ಹೋಲಿಸುವ ಗಣಿತ, ಕಂಡದ್ದನ್ನು ನಾಲ್ಕು ವಾಕ್ಯಗಳಲ್ಲಿ ಬರೆಯುವ ಕನ್ನಡ ಮೂರೂ ಒಟ್ಟಿಗೆ ಬಂದವು. ಬಳಿಕ ತಮ್ಮ ತಂಪುಪಾತ್ರೆಯನ್ನು ಅವರೇ ವಿನ್ಯಾಸಗೊಳಿಸುತ್ತಾರೆ. ಮರಳಿನಲ್ಲಿ ಕಾಲುವೆ ತೋಡಿ, ಕೊನೆಯ ಹೊಲಕ್ಕೂ ನೀರು ಮುಟ್ಟುವಂತೆ ಇಳಿಜಾರು, ತೂಬು ಜೋಡಿಸುವುದು ಇನ್ನೊಂದು ಚಟುವಟಿಕೆ. ಕಾಲುವೆಯ ಕೊನೆಭಾಗದ ರೈತರ ಮಕ್ಕಳಿಗೆ ಅದರ ಅರ್ಥವನ್ನು ವಿವರಿಸಬೇಕಾಗುವುದಿಲ್ಲ.

ಖರ್ಚಿನ ಚಿಂತೆ ಬೇಡ. ಅರವಿಂದ ಗುಪ್ತಾ ಅವರು ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಂದ ಮಕ್ಕಳಿಗೆ ರೇಖಾಗಣಿತ ಕಲಿಸಿ ತೋರಿಸಿದ್ದಾರೆ. ರಟ್ಟು, ದಂಟು, ದಾರ, ಬಾಟಲಿಯ ಮುಚ್ಚಳ ಎಲ್ಲ ಊರಲ್ಲಿಯೂ ಸಿಗುತ್ತವೆ. ಆದರೆ ಕತ್ತರಿ ಮೊಂಡಾದ ತುದಿಯದಾಗಿರಬೇಕು, ಹರಿತವಾದ ಉಪಕರಣವನ್ನು ಗುರುಗಳ ಎದುರಿನಲ್ಲಿಯೇ ಬಳಸಬೇಕು, ಎಣಿಸಿ ಕೊಟ್ಟು ಎಣಿಸಿ ಪಡೆಯಬೇಕು.

ನಾವು ಮಾಡಿದ ತಪ್ಪು

ಕೆಲವು ವರ್ಷಗಳ ಹಿಂದೆ ಶಾಲೆಯೊಂದರ ವಸ್ತುಪ್ರದರ್ಶನಕ್ಕೆ ನಾವು ತೀರ್ಪುಗಾರರಾಗಿ ಹೋಗಿದ್ದೆವು. ಥರ್ಮಾಕೋಲಿನ ಅಂದವಾದ ಅಣೆಕಟ್ಟೊಂದಕ್ಕೆ ಮೊದಲ ಬಹುಮಾನ ಕೊಟ್ಟೆವು. ಅದು ಅಂಗಡಿಯಲ್ಲಿ ಹಣ ಕೊಟ್ಟು ಮಾಡಿಸಿದ್ದೆಂದು ಆಮೇಲೆ ತಿಳಿಯಿತು. ಅದೇ ಸಾಲಿನ ತುದಿಯಲ್ಲಿ ಬಾಲಕಿಯೊಬ್ಬಳು ದಂಟು, ಹುರಿಗಳಿಂದ ಏತವೊಂದನ್ನು ಮಾಡಿ ನಿಲ್ಲಿಸಿದ್ದಳು. ಅದು ಒಂದು ಕಡೆಗೆ ವಾಲಿತ್ತು. ನಾವು ಮುಂದೆ ಸಾಗಿದ್ದೆವು. “ಮೂರು ಸಲ ಬಿತ್ರಿ, ನಾಲ್ಕನೇ ಸಲ ಈ ಕಡೆ ಕಲ್ಲು ಕಟ್ಟೀನ್ರಿ” ಎಂದು ಅವಳು ಹೇಳಿದ್ದು ಮನೆಗೆ ಮರಳಿದ ಮೇಲೆ ನೆನಪಾಯಿತು. ಬಿದ್ದದ್ದೇಕೆಂದು ತಿಳಿದು ಎದುರುಭಾರ ಕಟ್ಟಿದ ಆ ಮಗುವೇ ವಿನ್ಯಾಸವನ್ನು ಕಲಿತಿದ್ದಳು. ಅಂದು ನಾವು ಗೌರವಿಸಿದ್ದು ವಸ್ತುವನ್ನು, ಕಲಿಕೆಯನ್ನಲ್ಲ. ಅಂದಿನಿಂದ ಎಲ್ಲಿಗೆ ಹೋದರೂ “ಇದು ಎಷ್ಟು ಸಲ ಕೆಟ್ಟಿತು, ಹೇಗೆ ಸರಿಪಡಿಸಿದೆ?” ಎಂದೇ ಮಕ್ಕಳನ್ನು ಮೊದಲು ಕೇಳುತ್ತೇವೆ.

ಒಂದು ಸೂಕ್ಷ್ಮ ಸಂಶಯ

“ನಾವು ಬಡಿಗತನ ಮಾಡಿ ಸಾಕಾಗಿದೆ, ಮಗನಿಗೂ ಅದೇ ಬೇಕೇ?” ಎಂದು ಕೇಳುವವರಿದ್ದಾರೆ. ಈ ನೋವು ನಿಜವಾದುದು. ಕೈಕೆಲಸವನ್ನು ಜಾತಿಗೆ ಕಟ್ಟಿಹಾಕಿದ ಸಮಾಜ ನಮ್ಮದು. ಆ ಕಟ್ಟನ್ನು ಸಡಿಲಿಸಿದವರು ಶರಣರು. ಹಗ್ಗ ಹೊಸೆದ ನುಲಿಯ ಚಂದಯ್ಯ, ಬುಟ್ಟಿ ಹೆಣೆದ ಮೇದಾರ ಕೇತಯ್ಯ, ದೋಣಿ ನಡೆಸಿದ ಅಂಬಿಗರ ಚೌಡಯ್ಯ ಎಲ್ಲರೂ ಒಂದೇ ಅನುಭವದ ಮಂಟಪದಲ್ಲಿ ಕುಳಿತರು. ಈ ಕಲಿಕೆಯ ಗುರಿ ಬಡಿಗೇರನ ಮಗನನ್ನು ಬಡಿಗನನ್ನಾಗಿಯೇ ಉಳಿಸುವುದಲ್ಲ. ಅಧಿಕಾರಿಯ ಮಗಳೂ ಒಮ್ಮೆ ಉಳಿ ಹಿಡಿದು ಆ ಶ್ರಮದ ಬೆಲೆಯನ್ನು ಅರಿಯುವಂತೆ ಮಾಡುವುದು.

ಲಿಂಗಸೂಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮ ಅದನ್ನು ಮರಳಿ ಚೆಲ್ಲಿ ಬರಲು ಹೇಳಿದಳೆಂಬ ಕಥೆ ನಮಗೆಲ್ಲ ತಿಳಿದಿದೆ. ‘ಎಷ್ಟು ಬೇಕು?’ ಎಂಬ ಪ್ರಶ್ನೆಯನ್ನು ಮೊದಲು ಕೇಳುವುದೇ ಒಳ್ಳೆಯ ವಿನ್ಯಾಸದ ಮೊದಲ ಪಾಠವೂ ಹೌದು.

ಇನ್ನು ಅಂಕಗಳ ಮಾತು. ಅಳೆದು ಕತ್ತರಿಸಿದ ಮಗುವಿಗೆ ಭಿನ್ನರಾಶಿ ಹೆದರಿಸುವುದಿಲ್ಲ. ನಾವು ಪರೀಕ್ಷೆಯ ತಯಾರಿಯನ್ನು ಬಿಡಿರೆಂದು ಹೇಳುತ್ತಿಲ್ಲ. ವಾರಕ್ಕೆ ಎರಡು ಅವಧಿ ಕೈಗೂ ಕೊಡಿರೆಂದಷ್ಟೇ ಕೋರುತ್ತೇವೆ.

ಭಕ್ತರು ಮಾಡಬಹುದಾದ ಸಹಾಯ ದೊಡ್ಡದೇನಲ್ಲ. ಊರಿನ ಬಡಿಗೇರರು, ಕುಂಬಾರರು, ದರ್ಜಿಗಳು, ಪಂಪ್‌ಸೆಟ್ ದುರಸ್ತಿ ಮಾಡುವವರು ತಿಂಗಳಿಗೊಮ್ಮೆ ಒಂದು ತಾಸು ಶಾಲೆಗೆ ಬಂದು ಮಕ್ಕಳೊಡನೆ ಕುಳಿತುಕೊಳ್ಳಲಿ. ಎಸ್‌ಡಿಎಂಸಿ ಸದಸ್ಯರು ಒಂದು ಪೆಟ್ಟಿಗೆ ಉಪಕರಣ ಒದಗಿಸಲಿ. ಪಾಲಕರು ಮಗು ತಂದ ವಾಲಿದ ಬಂಡಿಯನ್ನು ನೋಡಿ ನಗದೆ, ಯಾಕೆ ವಾಲಿತೆಂದು ಕೇಳಲಿ. ಉತ್ತರವನ್ನು ಮಗುವೇ ಹುಡುಕಿಕೊಳ್ಳುತ್ತದೆ.