ಕುಂದ್ರಲು ಒಂದು ಕಟ್ಟೆ

ಕಳೆದ ತಿಂಗಳು ಹಾವೇರಿಯಿಂದ ಅಪ್ಪ ಬಂದಿದ್ದರು. ಮುಂಬೈ ತೋರಿಸೋಣವೆಂದು ಸಿಎಸ್‌ಎಂಟಿಯಿಂದ ಫೋರ್ಟ್ ಕಡೆ ನಡೆಸಿಕೊಂಡು ಹೊರಟೆ. ಅರ್ಧ ದಾರಿಯಲ್ಲೇ ಅವರ ಮೊಣಕಾಲು ಹಿಡಿದುಕೊಂಡಿತು. 'ಎಲ್ಲ್ಯರ ಐದು ನಿಮಿಷ ಕುಂದ್ರೂಣಪಾ' ಅಂದರು.

ಎಲ್ಲಿ ಕೂರುವುದು? ಅಂಗಡಿ ಮುಂದಿನ ಕಟ್ಟೆಯ ಮೇಲೆ ಚೂಪಾದ ಕಬ್ಬಿಣದ ಮೊಳೆಗಳು. ಗಿಡದ ಸುತ್ತಲಿನ ಕಟ್ಟೆಗೆ ಬೇಲಿ. ಬಸ್ ಸ್ಟಾಪಿನಲ್ಲಿ ಇಳಿಜಾರಾದ ಸ್ಟೀಲ್ ಪೈಪು, ಒರಗಬಹುದು, ಕೂರಲಾಗದು.

2018ರಲ್ಲಿ ಇದೇ ಫೋರ್ಟಿನ ಬ್ಯಾಂಕ್ ಶಾಖೆಯೊಂದರ ಮುಂದೆ ಇಂಥದೇ ಮೊಳೆಗಳ ಸಾಲು ಎದ್ದಿತ್ತು. ಫೋಟೊ ಟ್ವಿಟರ್‌ನಲ್ಲಿ ಹರಿದಾಡಿ ಜನ ಛೀಮಾರಿ ಹಾಕಿದ ಮೇಲೆ ಬ್ಯಾಂಕಿನವರು ಕಿತ್ತು ಹಾಕಿದರು. ರಾತ್ರಿ ಮಲಗುವವರನ್ನು ಓಡಿಸಲು ಹೊಡೆದ ಮೊಳೆಗೆ ಮಂಡಿನೋವಿನ ಮುದುಕರು, ಬಸುರಿಯರು ಎಂಬ ಭೇದವಿಲ್ಲ. ನಮ್ಮ ಸಾಫ್ಟ್‌ವೇರ್ ಯಾರನ್ನಾದರೂ ತಪ್ಪಾಗಿ ತಡೆದರೆ ಲಾಗ್‌ನಲ್ಲಿ ಒಂದು ಸಾಲಾದರೂ ಉಳಿಯುತ್ತದೆ. ಇಲ್ಲಿ ಕೂರಲಾಗದೆ ಮುಂದೆ ಹೋದವರ ಲೆಕ್ಕ ಇಟ್ಟವರಿಲ್ಲ.

ಕೊನೆಗೆ ಚಹಾ ಮಾರುವವನೊಬ್ಬ ತನ್ನ ಸ್ಟೂಲು ಬಿಟ್ಟುಕೊಟ್ಟ. ಅಪ್ಪ ಎರಡು ಚಹಾ ಕುಡಿದರು. ನಾನು ಪಾಲಿಕೆಯನ್ನು, ಅಂಗಡಿಯವರನ್ನು ಮನಸಾರೆ ಬೈದೆ.

ಸಂಜೆ ನಮ್ಮ ಸೊಸೈಟಿಯ ಗೇಟಿನಲ್ಲಿ ಟ್ಯಾಕ್ಸಿ ಇಳಿದ ಅಪ್ಪ ಕಾಂಪೌಂಡ್ ಗೋಡೆ ಹಿಡಿದು ಅತ್ತಿತ್ತ ನೋಡಿದರು. 'ಹೋದ ಸಲ ಇಲ್ಲೊಂದು ಕಲ್ಲಿನ ಬೆಂಚ್ ಇತ್ತಲ್ಲೋ?'

ಇತ್ತು. ಡೆಲಿವರಿ ಹುಡುಗರು ಅಲ್ಲೇ ಠಿಕಾಣಿ ಹೂಡುತ್ತಾರೆಂದು ಸಭೆ ಕರೆದು ತೆಗೆಸಿದೆವು. ನಾನೂ ಕೈ ಎತ್ತಿದ್ದೆ. ಅಪ್ಪನಿಗೆ 'ರಿಪೇರಿಗೆ ಕೊಟ್ಟಾರ' ಅಂದೆ.

ಬೆಂಚು ಮತ್ತೆ ಹಾಕಿಸಬೇಕೆಂದು ಅರ್ಜಿ ಬರೆದಿದ್ದೇನೆ. ಬರುವ ಭಾನುವಾರ ಸಭೆ. ಸದ್ಯಕ್ಕೆ ಅದರಲ್ಲಿರುವುದು ನನ್ನದೊಂದೇ ಸಹಿ.