ಮಗು ಬೆಳೆಯುತ್ತದೆ, ಪಿಟೀಲು ಬೆಳೆಯೋದಿಲ್ಲ!

ಮೈಸೂರು: "ಸ್ವಲ್ಪ ದೊಡ್ಡದಾಗೇ ಹೊಲೀರಿ ಸ್ವಾಮಿ, ಬೆಳೆಯೋ ಮಗು. ಕೆಳಗೆ ಮೂರು ಬೆರಳು ಮಡಿಕೆ ಬಿಡಿ."

ಜೂನ್ ತಿಂಗಳು ಬಂತೆಂದರೆ ದರ್ಜಿ ಅಂಗಡಿಯಲ್ಲಿ ಕೇಳಿಬರುವ ಮಾತು ಇದು. ಯೂನಿಫಾರಂ ಒಂದೇ ಅಲ್ಲ, ಶೂ ಕೂಡ ಹಾಗೇ. ಒಂದು ನಂಬರ್ ದೊಡ್ಡದು ತಂದು ಮುಂದಕ್ಕೆ ಹತ್ತಿ ತುರುಕಿದರೆ ಎರಡು ವರ್ಷ ಬಂತು. ಮಧ್ಯಮ ವರ್ಗದ ಸಂಸಾರ ನಡೆಯುವುದೇ ಈ ಮಡಿಕೆ, ಈ ಹತ್ತಿಯ ಮೇಲೆ. ಅದರಲ್ಲಿ ತಪ್ಪೇನೂ ಇಲ್ಲ.

ತಪ್ಪಾಗುವುದು ಅದೇ ಲೆಕ್ಕವನ್ನು ವಾದ್ಯದ ಅಂಗಡಿಗೂ ಹೊತ್ತುಕೊಂಡು ಹೋದಾಗ. "ಹೇಗೂ ಬೆಳೀತಾಳಲ್ಲ, ದೊಡ್ಡ ಪಿಟೀಲೇ ಕೊಡಿ, ಒಂದೇ ಸಲಕ್ಕೆ ಆಗಿಹೋಗ್ಲಿ" ಎನ್ನುತ್ತಾರೆ ತಂದೆ. ಏಳೆಂಟು ವರ್ಷದ ಹುಡುಗಿಯ ಮಡಿಲಿಗೆ ದೊಡ್ಡವರ ಪಿಟೀಲು ಬಂದು ಬೀಳುತ್ತದೆ. ವಿಜಯದಶಮಿ ದಿನ ಪೂಜೆ, ಪಾಠ ಶುರು. ಸಂಕ್ರಾಂತಿ ಹೊತ್ತಿಗೆ ಮಗುವಿಗೆ ಭುಜ ನೋವು. ಯುಗಾದಿ ಹೊತ್ತಿಗೆ ಪಿಟೀಲು ಅಟ್ಟ ಸೇರಿರುತ್ತದೆ. "ನಮ್ಮ ಹುಡುಗಿಗೆ ಸಂಗೀತ ಹತ್ತಲಿಲ್ಲ ಕಣ್ರೀ" ಎಂದು ತಾಯಿ ಪಕ್ಕದ ಮನೆಯವರ ಹತ್ತಿರ ಹೇಳಿಕೊಂಡರೆ ಅಲ್ಲಿಗೆ ಕಥೆ ಮುಗಿಯಿತು.

ಹತ್ತದೇ ಹೋದದ್ದು ಸಂಗೀತವೋ, ಅಳತೆಯೋ? ಯಾರೂ ಕೇಳುವುದಿಲ್ಲ.

ಚೌಡಯ್ಯನವರ ಊರಿನಲ್ಲಿ

ಇದು ಪಿಟೀಲಿನ ಊರು. ತಿರುಮಕೂಡಲಿನ ಚೌಡಯ್ಯನವರು ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ ಬೆಳೆದದ್ದು ಇಲ್ಲಿ. ನಾಲ್ಕು ತಂತಿಯ ನಾದ ಸಾಲದೆಂದು ಏಳು ತಂತಿ ಹೂಡಿ, ವಾದ್ಯವನ್ನೇ ತಮಗೆ ಬೇಕಾದಂತೆ ಒಗ್ಗಿಸಿಕೊಂಡವರು ಅವರು. 1967ರಲ್ಲಿ ಅವರು ತೀರಿಕೊಂಡ ಮೇಲೆ ಬೆಂಗಳೂರಿನವರು ಅವರ ಹೆಸರಿನಲ್ಲಿ ಪಿಟೀಲಿನ ಆಕಾರದ ಸಭಾಂಗಣವನ್ನೇ ಕಟ್ಟಿಸಿದರು. ಅದು ತೆರೆದದ್ದು 1980ರಲ್ಲಿ. ಅಂಥವರ ಊರಿನಲ್ಲಿ ಮಗು ವಾದ್ಯಕ್ಕೆ ಒಗ್ಗಬೇಕೇ, ವಾದ್ಯ ಮಗುವಿಗೆ ಒಗ್ಗಬೇಕೇ ಎಂಬುದರಲ್ಲಿ ಅನುಮಾನ ಇರಬಾರದಿತ್ತು.

ನಮ್ಮ ಕ್ರಮದಲ್ಲಿ ಪಿಟೀಲು ನುಡಿಸುವುದು ನೆಲದ ಮೇಲೆ ಕೂತು. ಬಲಗಾಲು ಸ್ವಲ್ಪ ಮುಂದೆ, ಪಾದದ ಮೇಲೆ ಪಿಟೀಲಿನ ಸುರುಳಿ ತಲೆ, ಇನ್ನೊಂದು ತುದಿ ಎಡ ಭುಜ, ಎದೆಗೆ ಆತು. ಹೀಗೆ ಎರಡು ಕಡೆ ಊರಿಕೊಂಡರೆ ಎಡಗೈ ಬಿಡುವಾಗುತ್ತದೆ. ಗಮಕಕ್ಕೆ, ಜಾರಿಗೆ ಕೈ ಸರಾಗವಾಗಿ ಓಡಬೇಕಲ್ಲ? ಪಿಟೀಲು ಉದ್ದವಾಯಿತೋ, ಮಗು ಕಾಲನ್ನು ದೂರ ತಳ್ಳುತ್ತದೆ, ಬೆನ್ನು ಬಾಗಿಸುತ್ತದೆ, ಭುಜ ಎತ್ತಿ ಹಿಡಿಯುತ್ತದೆ. ಕಿರುಬೆರಳು ತನ್ನ ಜಾಗಕ್ಕೆ ಎಟುಕುವುದಿಲ್ಲ, ಸ್ವರ ಇಳಿಯುತ್ತದೆ. ಕಮಾನೂ ಅಷ್ಟೇ. ತುದಿಯವರೆಗೆ ಎಳೆಯಲು ಬಲಗೈ ಸಾಲದು, ಕಮಾನು ಸೊಟ್ಟಗೆ ಓಡಿ ಕಿರ್ ಎನ್ನುತ್ತದೆ. ಮೇಷ್ಟ್ರು "ಶ್ರುತಿ ನೋಡು" ಎಂದು ಗದರುತ್ತಾರೆ. ಮಗು ಪಾಪ, ಏನು ನೋಡಬೇಕು?

ಅಪ್ಪನ ಸೈಕಲ್ಲಿನಲ್ಲಿ ಒಳಪೆಡ್ಲು ಹೊಡೆದು ಸವಾರಿ ಕಲಿತವರು ಈ ಊರಿನಲ್ಲಿ ಸಾವಿರಾರು ಮಂದಿ. ಆದರೆ ಪಿಟೀಲಿಗೆ ಒಳಪೆಡ್ಲು ಇಲ್ಲ.

ಅಳತೆಯ ಲೆಕ್ಕ

ಮಕ್ಕಳಿಗೆಂದೇ ಕಾಲು, ಅರ್ಧ, ಮುಕ್ಕಾಲು ಅಳತೆಯ ಪಿಟೀಲುಗಳಿವೆ. ತೀರಾ ಎಳೆಯರಿಗೆ ಅದಕ್ಕಿಂತ ಚಿಕ್ಕವೂ ಉಂಟು. ಅರ್ಧ ಎಂದರೆ ಅರ್ಧ ಉದ್ದ ಎಂದುಕೊಳ್ಳಬೇಡಿ, ಅದು ಬರೀ ಹೆಸರು. ಪೂರ್ತಿ ಪಿಟೀಲಿನ ಒಡಲು ಸುಮಾರು 14 ಅಂಗುಲ, ಮುಕ್ಕಾಲಿನದು 13, ಅರ್ಧದ್ದು 12ಕ್ಕೆ ಚೂರು ಮೇಲೆ, ಕಾಲಿನದು 11. ತಯಾರಕರಿಂದ ತಯಾರಕರಿಗೆ ಕೂದಲೆಳೆ ವ್ಯತ್ಯಾಸ ಇದ್ದದ್ದೇ. ಕಣ್ಣಿಗೆ ಒಂದಂಗುಲ ಏನು ಮಹಾ ಎನಿಸಬಹುದು. ಎಳೆಯ ಬೆರಳಿಗೆ ಅದೇ ಗಾವುದ ದೂರ.

ಅಳೆಯುವುದು ಸುಲಭ. ಮಗು ಎಡಗೈಯನ್ನು ಪಕ್ಕಕ್ಕೆ ನೇರವಾಗಿ ಚಾಚಲಿ. ಕುತ್ತಿಗೆಯಿಂದ ಅಂಗೈ ನಡುವಿನವರೆಗೆ ಟೇಪು ಹಿಡಿಯಿರಿ. ಹದಿನೆಂಟೂವರೆ ಅಂಗುಲದ ಆಸುಪಾಸಾದರೆ ಕಾಲು, 20 ಆದರೆ ಅರ್ಧ, 22 ಆದರೆ ಮುಕ್ಕಾಲು, 23 ದಾಟಿದರೆ ಪೂರ್ತಿ. ಇದು ನಿಂತು ನುಡಿಸುವ ಪಾಶ್ಚಾತ್ಯರ ಲೆಕ್ಕ. ನಮ್ಮ ಮಕ್ಕಳಿಗೆ ಇಷ್ಟೇ ಸಾಲದು, ಕೂರಿಸಿಯೇ ನೋಡಬೇಕು. ತಲೆ ಪಾದದ ಮೇಲೆ ಕೂತಿದೆಯೇ, ಬೆನ್ನು ನೇರ ಇದೆಯೇ, ಮಣಿಕಟ್ಟು ತಿರುಚದೆ ಕಿರುಬೆರಳು ಎಟುಕುತ್ತದೆಯೇ? ಮೂರಕ್ಕೂ ಹೌದು ಎಂದಾದರೆ ಸರಿ. ವಯಸ್ಸು ಕೇಳಿ ಅಳತೆ ಹೇಳುವ ಅಂಗಡಿಯವರನ್ನು ಪೂರ್ತಿ ನಂಬಬೇಡಿ. ಎಂಟು ವರ್ಷದ ಮಕ್ಕಳೆಲ್ಲ ಒಂದೇ ಎತ್ತರ ಇರುತ್ತಾರೆಯೇ?

ನಾಲ್ಕು ಕೊಳ್ಳುವವರಾರು?

ಆರು ವರ್ಷಕ್ಕೆ ಶುರು ಮಾಡಿದ ಮಗು ಹನ್ನೆರಡರ ಹೊತ್ತಿಗೆ ಕಾಲು, ಅರ್ಧ, ಮುಕ್ಕಾಲು ದಾಟಿ ಪೂರ್ತಿಗೆ ಬರುತ್ತದೆ. ನಾಲ್ಕು ಪಿಟೀಲು! ಮೂರು ಮೂಲೆಗೆ. ಯಾವ ಸಂಬಳದಾರ ತಾಳುತ್ತಾನೆ? ಅದಕ್ಕೇ ದೊಡ್ಡದನ್ನೇ ಕೊಳ್ಳುವುದು. ತಂದೆಯನ್ನು ಬೈದು ಪ್ರಯೋಜನವಿಲ್ಲ.

ದಾರಿ ಒಂದೇ: ಬಾಡಿಗೆ.

ಯುರೋಪು, ಅಮೆರಿಕಾಗಳಲ್ಲಿ ಇದು ಹಳೆಯ ಪದ್ಧತಿ. ಅಂಗಡಿಯವರೇ ಮಗುವಿನ ಅಳತೆಯ ಪಿಟೀಲು ಬಾಡಿಗೆಗೆ ಕೊಡುತ್ತಾರೆ. ಮಗು ಬೆಳೆದಾಗ ಹಿಂದಕ್ಕೆ ತೆಗೆದುಕೊಂಡು ಮುಂದಿನ ಅಳತೆ ಕೊಡುತ್ತಾರೆ. ಕಟ್ಟಿದ ಬಾಡಿಗೆಯಲ್ಲಿ ಒಂದು ಪಾಲನ್ನು ಮುಂದೆ ಕೊಳ್ಳುವಾಗ ಮುರಿದುಕೊಡುವವರೂ ಉಂಟು. ಜಪಾನಿನ ಸುಜುಕಿ ಶಿನಿಚಿ ಅವರ ಪದ್ಧತಿಯಲ್ಲಿ ಮೂರು ನಾಲ್ಕು ವರ್ಷದ ಕೂಸುಗಳೂ ನುಡಿಸುತ್ತವೆ ಎಂದರೆ ಗೇಣುದ್ದ ಒಡಲಿನ ಪಿಟೀಲು ಅವುಗಳ ಕೈಗೆ ಸಿಗುವುದರಿಂದ.

ನಮ್ಮಲ್ಲಿ ಬಾಡಿಗೆ ಎಂದರೆ ಯಾಕೋ ಸಂಕೋಚ. ಮದುವೆಗೆ ಶಾಮಿಯಾನ, ಪಾತ್ರೆ ಬಾಡಿಗೆಗೆ ತರುವುದಿಲ್ಲವೇ? ಗಂಟೆಗಿಷ್ಟು ಎಂದು ಬಾಡಿಗೆ ಸೈಕಲ್ ತುಳಿದವರಲ್ಲವೇ ಇಂದಿನ ಅಜ್ಜಂದಿರು? ಅಷ್ಟಕ್ಕೂ ಪಿಟೀಲೇ ಒಂದು ಎರವಲು ವಾದ್ಯ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಯುರೋಪಿನವರಿಂದ ಕಲಿತು ನಮ್ಮ ಸಂಗೀತಕ್ಕೆ ತಂದದ್ದು.

ಲೆಕ್ಕ ಹಾಕಿ ನೋಡೋಣ. ಅರ್ಧ ಅಳತೆಯ ಪಿಟೀಲಿಗೆ 6,000 ರೂಪಾಯಿ, ತಿಂಗಳ ಬಾಡಿಗೆ 200 ಎಂದೇ ಇಟ್ಟುಕೊಳ್ಳಿ. ಒಂದೂವರೆ ವರ್ಷಕ್ಕೆ 3,600 ಆಯಿತು. ಮನೆಯವರಿಗೆ 2,400 ಉಳಿತಾಯ. ಕೊಟ್ಟವರಿಗೆ 30 ತಿಂಗಳಿಗೆ ಅಸಲು ಬಂತು, ಪಿಟೀಲು ಮೂರನೆಯ ಮಗುವಿಗೆ ಸಿದ್ಧ. ಪೂರ್ತಿ ಅಳತೆಗೆ ಬಂದ ಮೇಲೆ ಮಾತ್ರ ಬಾಡಿಗೆ ಬೇಡ, ಒಳ್ಳೆಯದನ್ನು ನೋಡಿ ಕೊಳ್ಳಿ. ಅದು ಜೀವಮಾನದ ಮಾತು.

ಚೀಟಿ ಬರೆದುಕೊಳ್ಳಿ

ಬಾಯಿ ಮಾತಿನ ಬಾಡಿಗೆ ಜಗಳಕ್ಕೆ ದಾರಿ. ಮುಂಗಡ ಎಷ್ಟು, ಹಿಂದಕ್ಕೆ ಯಾವಾಗ? ಮಗು ಬೆಳೆದಾಗ ಹೊಸ ಮುಂಗಡವಿಲ್ಲದೆ ಅಳತೆ ಬದಲಾಯಿಸಿ ಕೊಡುತ್ತಾರೋ ಇಲ್ಲವೋ? ತಂತಿ ಹರಿದರೆ ಯಾರ ಖರ್ಚು, ಒಡಲು ಸೀಳಿದರೆ ಯಾರದು? ಎಲ್ಲ ಒಂದು ಹಾಳೆಯಲ್ಲಿ ಇರಲಿ. ತರುವ ದಿನ ಇರುವ ಗೀರು, ಬಿರುಕು ಅದೇ ಹಾಳೆಯಲ್ಲಿ ಬರೆಸಿ.

ಮೇಷ್ಟ್ರನ್ನು ಕರೆದುಕೊಂಡೇ ಹೋಗಿ. ಬಿರಡೆ ಜಾರುತ್ತದೆಯೇ, ತಂತಿ ಬೆರಳ ಹಲಗೆಯಿಂದ ತೀರಾ ಎತ್ತರದಲ್ಲಿದೆಯೇ, ಕಮಾನೂ ಅದೇ ಅಳತೆಯದೇ, ತಂತಿಯೂ ಅದೇ ಅಳತೆಯದೇ ಎಂದು ಅವರು ನೋಡಲಿ. ದೊಡ್ಡ ಪಿಟೀಲಿನ ತಂತಿಯನ್ನು ಚಿಕ್ಕದಕ್ಕೆ ಹಾಕಿದರೆ ಸಡಿಲವಾಗಿ ನಾದ ಸೋರುತ್ತದೆ. ಅಳತೆ ಬದಲಾದ ಮೊದಲ ಕೆಲವು ದಿನ ಸ್ವರಸ್ಥಾನ ಅತ್ತಿತ್ತ ಆಗುವುದು ಸಹಜ. ಸರಳೆ ವರಸೆ ನಿಧಾನವಾಗಿ ಹಾಕಿಸಿದರೆ ಕಿವಿ ಬೆರಳನ್ನು ಎಳೆದು ತರುತ್ತದೆ.

ಅಟ್ಟದ ಮೇಲಿನ ಆಸ್ತಿ

ಇದಕ್ಕೆ ಸರ್ಕಾರದ ಯೋಜನೆ ಬೇಕಿಲ್ಲ. ಹತ್ತು ಮಕ್ಕಳಿಗೆ ಪಾಠ ಹೇಳುವ ಮನೆಯೊಂದರಲ್ಲೇ ಸುತ್ತು ಶುರುವಾಗಬಹುದು. ಅರ್ಧ ದಾಟಿದ ಹುಡುಗನದು ಕಾಲು ದಾಟಿದ ಹುಡುಗಿಗೆ. ಬಾಡಿಗೆ ಹಣದಲ್ಲಿ ತಂತಿ, ಕಮಾನಿನ ಕೂದಲು, ರಿಪೇರಿ. ರಾಮನವಮಿಗೆ ಕಚೇರಿ ನಡೆಸುವ ಸಭೆಗಳಿರುವ ಊರು ಇದು. ಒಂದೊಂದು ಸಭೆ ಒಂದು ಬೀರು, ಐದಾರು ಚಿಕ್ಕ ಪಿಟೀಲು ಇಟ್ಟರೆ ಮುಂದಿನ ಕಚೇರಿಗೆ ಕಲಾವಿದರನ್ನು ತಾವೇ ಬೆಳೆಸಿಕೊಂಡಂತೆ.

ಅಟ್ಟದಲ್ಲಿಟ್ಟ ಪಿಟೀಲು ಹಾಗೇ ಉಳಿಯುತ್ತದೆ ಎಂದೂ ತಿಳಿಯಬೇಡಿ. ಹೆಂಚಿನ ಕೆಳಗಿನ ಬಿಸಿಗೆ ಅಂಟು ಬಿಡುತ್ತದೆ, ಕಮಾನಿನ ಕೂದಲಿಗೆ ಹುಳ ಬೀಳುತ್ತದೆ, ತಂತಿ ಸಡಿಲವಾದರೆ ಕುದುರೆ ಮಗುಚಿ ಬೀಳುತ್ತದೆ. ನುಡಿಸಿದರೇ ಅದಕ್ಕೆ ಆಯಸ್ಸು.

ಈ ಭಾನುವಾರ ಏಣಿ ಹಾಕಿ ಅಟ್ಟ ನೋಡಿ. ಧೂಳು ಕೂತ ಆ ಕಪ್ಪು ಪೆಟ್ಟಿಗೆ ಕೆಳಗಿಳಿಯಲಿ. ಅದು ದೊಡ್ಡದೇ? ಕೈ ಬೆಳೆದ ಯಾವುದೋ ಹುಡುಗನಿಗೆ ಹೋಗಲಿ. ಚಿಕ್ಕದೇ? ಪಕ್ಕದ ಬೀದಿಯಲ್ಲಿ ದೊಡ್ಡ ಪಿಟೀಲಿನ ಜೊತೆ ಗುದ್ದಾಡುತ್ತಿರುವ ಮಗುವಿಗೆ ಹೋಗಲಿ.

ಹಾಗೇ ನಿಮ್ಮ ಹುಡುಗಿಯನ್ನೂ ಕರೆದು, ಕೈ ಚಾಚಿಸಿ, ಒಮ್ಮೆ ಟೇಪು ಹಿಡಿಯಿರಿ. ಸಂಗೀತ ಹತ್ತಲಿಲ್ಲ ಎಂದು ತೀರ್ಪು ಕೊಟ್ಟಿದ್ದೀರಲ್ಲ, ಇನ್ನೊಂದು ಸಲ ವಿಚಾರಣೆ ಆಗಲಿ. ಮುಂದಿನ ವಿಜಯದಶಮಿಗೆ ಇನ್ನೂ ಕಾಲ ಮೀರಿಲ್ಲ.